ಬಣ್ಣ ತೊಳೆದ ಮಧ್ಯಾಹ್ನ

ಮುಖಕ್ಕೆ ಬಳಿದ ಅರದಾಳದ ಹಳದಿ ಬಣ್ಣ ಕಿವಿಯ ಹಿಂದೆ ಉಳಿದುಬಿಡುತ್ತದೆ. ಕೊಬ್ಬರಿ ಎಣ್ಣೆ ಸವರಿ, ಹಳೆಯ ಲುಂಗಿಯ ತುಂಡಿನಿಂದ ಒರೆಸಿ, ಆಮೇಲೆ ಸಾಬೂನು ಹಚ್ಚಿ ತೊಳೆದರೂ ಕಿವಿ ತಲೆಗೆ ಕೂಡುವ ಜಾಗದಲ್ಲಿ ತೆಳುವಾದ ಹಳದಿ ಗೆರೆಯೊಂದು ಮರುದಿನವೂ ಇರುತ್ತದೆ. ದೊಡ್ಡಾಟದವರನ್ನು ಸಂತೆಯಲ್ಲಿ ಗುರುತಿಸಬೇಕಾದರೆ ಮುಖ ನೋಡಿ ಪ್ರಯೋಜನವಿಲ್ಲ, ಹಿಂದಿನಿಂದ ನೋಡಬೇಕು.

ಹೋದ ತಿಂಗಳು ಗಂಗಾವತಿಯಲ್ಲಿ, ಪೂಜೆ ಸಾಮಾನಿನ ಅಂಗಡಿಯೊಂದರ ಮುಂದೆ ಊದಿನಕಡ್ಡಿ ಕೊಳ್ಳಲು ನಿಂತಿದ್ದೆ. ಅಂಗಡಿಯವರು ಯಾರಿಗೋ ಅರದಾಳದ ಹಳದಿ ಪುಡಿ ತೂಗುತ್ತಿದ್ದರು. ಪಕ್ಕದಲ್ಲಿ ಕೊಬ್ಬರಿ ಎಣ್ಣೆಯ ಡಬ್ಬಿ ತೆರೆದಿತ್ತು. ಆ ಪುಡಿಗೆ ತನ್ನದೆಂಬ ದೊಡ್ಡ ವಾಸನೆಯೇನಿಲ್ಲ. ಎಣ್ಣೆಯ ಜೊತೆ ಕೂಡಿದಾಗ ಮಾತ್ರ ಒಂದು ಘಾಟು ಏಳುತ್ತದೆ, ಹಳೆಯ ಟ್ರಂಕು ತೆರೆದ ಹಾಗೆ. ನಾನು ಊದಿನಕಡ್ಡಿ ಕೇಳುವುದನ್ನು ಮರೆತು ಬಸ್‌ ನಿಲ್ದಾಣಕ್ಕೆ ನಡೆದುಬಿಟ್ಟೆ.

ಆ ಘಾಟು ಹಿಂದಕ್ಕೆ ಒಯ್ದದ್ದು ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಕೊಪ್ಪಳದ ಮನೆಗೆ ಮರಳಿದ ವರ್ಷಕ್ಕೆ. ಯಲಬುರ್ಗಾದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತ್ತು. ಆಷಾಢದ ಕೊನೆಯಲ್ಲಿ ಪ್ರಾಂಶುಪಾಲರು ಕರೆದು ಒಂದು ಪತ್ರ ಓದಲು ಕೊಟ್ಟರು. ಪಿಯುಸಿ, ಪದವಿ ತರಗತಿಗಳಿಗೆ ಪಠ್ಯವಾಗಿರುವ ಹಳೆಯ ನಾಟಕಗಳನ್ನು ರಂಗದ ಮೇಲೆ ಆಡಿಸಿ, ಚಿತ್ರೀಕರಿಸಿ, ಕಾಲೇಜುಗಳಿಗೆ ಹಂಚುವ ಯೋಜನೆಯೊಂದು ಬೆಂಗಳೂರಿನಲ್ಲಿ ನಡೆದಿತ್ತು. ಅದುವರೆಗೆ ಆಡಿದವರೆಲ್ಲ ಆ ಕಡೆಯ ತಂಡಗಳವರೇ ಎಂದು ಯಾರೋ ತಕರಾರು ತೆಗೆದಿದ್ದರಂತೆ. ಹಾಗಾಗಿ ಈ ಸಲ ಎಲ್ಲ ಸೀಮೆಯ, ಎಲ್ಲ ಸಮುದಾಯದ ಕಲಾವಿದರಿಗೂ ಪ್ರಾತಿನಿಧ್ಯ ಸಿಗಬೇಕು, ಸಂಸ್ಕೃತ ನಾಟಕವೊಂದನ್ನು ನಮ್ಮ ಕಡೆಯ ದೊಡ್ಡಾಟದ ರೀತಿಯಲ್ಲಿ ಆಡಿಸಬೇಕು ಎಂದು ಬರೆದಿದ್ದರು. ಪ್ರಾತಿನಿಧ್ಯ ಎಂಬ ಮಾತು ಆ ಒಂದೇ ಪುಟದಲ್ಲಿ ಮತ್ತೆ ಮತ್ತೆ ಬಂದಿತ್ತು. ಪಠ್ಯವನ್ನು ದೊಡ್ಡಾಟದ ಮಾತು, ಹಾಡುಗಳಿಗೆ ಹೊಂದಿಸಿ ತಂಡದ ಜೊತೆಗಿರುವುದು ನನ್ನ ಪಾಲಿಗೆ ಬಂತು. ಹೊಸಬಳು, ಒಲ್ಲೆ ಎನ್ನುವ ಹಾಗಿರಲಿಲ್ಲ. ಒಲ್ಲೆ ಎನ್ನುವ ಮನಸ್ಸೂ ನನಗಿರಲಿಲ್ಲ.

ನಾಟಕದ ಕಥೆ ಸರಳ. ಮಾಡದ ತಪ್ಪಿಗೆ ಅರಮನೆಯಿಂದ ಹೊರಬಿದ್ದ ರಾಣಿಯೊಬ್ಬಳು ಕೊನೆಯ ಅಂಕದಲ್ಲಿ ತುಂಬಿದ ಸಭೆಯ ನಡುವೆ ನಿಂತು ರಾಜನನ್ನು ಒಂದು ಪ್ರಶ್ನೆ ಕೇಳುತ್ತಾಳೆ. ಆ ಪ್ರಶ್ನೆ ಒಂದು ಹಾಡು. ಅದಕ್ಕಾಗಿಯೇ ಉಳಿದ ನಾಟಕವೆಲ್ಲ ಇದೆ ಎನ್ನಬಹುದು.

ತಂಡ ಅಳವಂಡಿಯದು. ಆಟ ಕಲಿಸುವವರು ಬಸಪ್ಪ ಮಾಸ್ತರ, ವೃತ್ತಿಯಿಂದ ದರ್ಜಿ. ರಾಣಿಯ ಪಾತ್ರ ಹುಲಿಗೆವ್ವಳದು ಎಂದು ಅವರು ನಾನು ಕೇಳುವ ಮೊದಲೇ ಹೇಳಿದ್ದರು. ಆಕೆಯ ತಂದೆ ಈ ತಂಡದಲ್ಲಿ ಮದ್ದಳೆ ನುಡಿಸುತ್ತಿದ್ದರಂತೆ. ಗಂಡಸರೇ ಸೀರೆ ಉಟ್ಟು ರಾಣಿಯಾಗುತ್ತಿದ್ದ ಕಾಲದಲ್ಲಿ ಮಾಸ್ತರು ಈಕೆಯನ್ನು ಕರೆತಂದು ನಿಲ್ಲಿಸಿದ್ದರು. ಈಗ ನಲವತ್ತರ ಹತ್ತಿರ. ಹಗಲು ಬೀಜದ ಹತ್ತಿಯ ಹೊಲದಲ್ಲಿ ತಳಿ ಬೆರೆಸುವ ಕ್ರಾಸಿಂಗ್‌ ಕೆಲಸ. ನಾಳೆ ಅರಳಬೇಕಾದ ಮೊಗ್ಗನ್ನು ಇವತ್ತೇ ಉಗುರಿನಿಂದ ಸೀಳಿ, ಒಳಗಿನ ಪರಾಗದ ಎಳೆಗಳನ್ನಷ್ಟೇ ಕಿತ್ತು, ನಡುವಿನ ಶಲಾಕೆಗೆ ನೋವಾಗದಂತೆ ಬಿಡಬೇಕು. ಅದಕ್ಕೆಂದು ಆಕೆ ಬಲಗೈ ಹೆಬ್ಬೆರಳಿನ ಉಗುರು ಬೆಳೆಸಿದ್ದಳು.

ಸಂಜೆ ಶಾಲೆಯ ಪಡಸಾಲೆಯಲ್ಲಿ ತಾಲೀಮು. ಮೊದಲ ದಿನ ನಾನು ಆ ಉಗುರನ್ನು ನೋಡುತ್ತಿದ್ದುದು ಆಕೆಯ ಕಣ್ಣಿಗೆ ಬಿತ್ತು.

"ಇದನ್ನ ತಗೀಬೇಕೇನ್ರಿ ಅಕ್ಕೋರ?" ಎಂದಳು. "ತಗದ್ರ ನಾಳೆ ಹೊಲದಾಗ ನನಗ ಕೆಲಸ ಇಲ್ಲ. ರಾಣಿಗೆ ಉಗುರು ಇರಬಾರದಂತ ನಿಮ್ಮ ಪುಸ್ತಕದಾಗ ಬರದೈತೇನು?"

"ಇಲ್ಲ."

"ಹಂಗಾರ ಇರಲಿ ತಗೋರಿ. ರಾಜಗ ಚುಚ್ಚಾಕ ಬರ್ತೈತಿ."

ಮಳೆ ಆ ವರ್ಷ ಬಿಟ್ಟು ಬಿಟ್ಟು ಬಂತು. ಎರೆಹೊಲದ ಮಣ್ಣು ಎಲ್ಲರ ಕಾಲಿಗೂ ಮೆತ್ತಿಕೊಂಡು ಪಡಸಾಲೆ ಕಪ್ಪಾಗುತ್ತಿತ್ತು. ಹುಲಿಗೆವ್ವ ಓದು ಬಲ್ಲವಳಲ್ಲ. ನಾನು ಒಂದು ಸಾಲು ಹೇಳಿದರೆ ಕಣ್ಣು ಮುಚ್ಚಿ ಕೇಳಿ, ಎರಡನೆಯ ಸಲ ನನಗಿಂತ ಚೆನ್ನಾಗಿ ಹೇಳುತ್ತಿದ್ದಳು. ಕೊನೆಯ ಹಾಡನ್ನು ಅವಳು ಮೊದಲ ಬಾರಿ ಪೂರ್ತಿ ಹಾಡಿದ್ದು ಅಂಥದೇ ಒಂದು ಸಂಜೆ. ರಾಜನ ಪಾತ್ರದ ಹನುಮಪ್ಪ, ಟ್ರ್ಯಾಕ್ಟರ್‌ ಹೊಡೆಯುವವನು, "ಹಿಂಗ ಕೇಳಿದ್ರ ನಾ ಆಟ ಮುಗಿಯೂದ್ರೊಳಗ ಸಿಂಹಾಸನ ಬಿಟ್ಟು ಓಡಿ ಹೋಗ್ತೀನ್ರಪ" ಎಂದ. ಆಗ ಎಲ್ಲರೂ ನಕ್ಕರು.

ಸಖಿಯ ಪಾತ್ರಕ್ಕೆ ಸೌಮ್ಯಾ ಇದ್ದಳು. ವಿದ್ಯಾರ್ಥಿಗಳೂ ಇರಲಿ ಎಂದು ಯೋಜನೆಯವರು ಹೇಳಿದ್ದರಿಂದ ಬಂದವಳು. ಗಂಗಾವತಿಯ ಅಕ್ಕಿ ಗಿರಣಿಯವರ ಮಗಳು, ಕೊಪ್ಪಳದಲ್ಲಿ ಬಿ.ಎ. ಓದುತ್ತಿದ್ದಳು. ಮನೆಮಾತು ತೆಲುಗು. ಹಾಡು ಬಾರದು, ಆದರೆ ನಿಂತಲ್ಲಿ ನಿಲ್ಲು ಎಂದರೆ ನಿಲ್ಲುತ್ತಿದ್ದಳು. ಹುಲಿಗೆವ್ವಳನ್ನು ಅಕ್ಕಾ ಎನ್ನುತ್ತ ಅವಳ ಹಿಂದೆಯೇ ತಿರುಗುತ್ತಿದ್ದಳು.

ಒಂದು ಸಂಜೆ ಮಳೆಗೆ ಸಿಕ್ಕು ನಾನೂ ಹುಲಿಗೆವ್ವಳೂ ಪಡಸಾಲೆಯಲ್ಲಿ ಉಳಿದೆವು. ಆಗ ಆಕೆ ತನ್ನ ಮಗಳ ವಿಷಯ ಹೇಳಿದಳು. ರೇಣುಕಾ ಕುಷ್ಟಗಿಯ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಳು. ತಾಯಿಯ ಆಟವನ್ನು ಒಮ್ಮೆಯೂ ನೋಡಿರಲಿಲ್ಲ.

"ಸಣ್ಣಾಕಿದ್ದಾಗ ಸಾಲ್ಯಾಗ ಹುಡುಗ್ರು ಆಟದಾಕಿ ಮಗಳು ಅಂತ ಕಾಡ್ಸಿದ್ರು. ಅವತ್ತಿಂದ ಒಲ್ಲೆ ಅಂತಾಳ. ನಾನೂ ಬಾ ಅನ್ನಂಗಿಲ್ಲ. ರಾತ್ರಿ ಆಟ, ಕುಡದವರು, ಸೀಟಿ ಹೊಡೆಯೋರು. ಅಲ್ಲಿ ಮಗಳನ್ನ ಯಾಕ ಕುಂದರಿಸಲಿ?" ಆಮೇಲೆ ಕೇಳಿದಳು, "ಇದು ಕಾಲೇಜಿನ್ಯಾಗ ತೋರಿಸ್ತಾರಂದ್ರಲ್ಲ, ಖರೇನೇನ್ರಿ?"

"ಹೌದು, ಎಲ್ಲ ಕಾಲೇಜಿನಲ್ಲೂ."

"ಹಗಲಾಗ?"

"ಹಗಲಲ್ಲೇ."

"ಮಾಸ್ತರ್ರು ಕುಂತಿರ್ತಾರ?"

"ಇರುತ್ತಾರೆ."

"ಹಂಗಾರ ಅಕಿ ನೋಡ್ಲಿ," ಎಂದಳು. "ಹಗಲಾಗ, ಕುರ್ಚಿ ಮ್ಯಾಲ ಕುಂತು, ಗೆಳತ್ಯಾರ ನಡುವ ನೋಡ್ಲಿ. ನಮ್ಮವ್ವ ರಾಣಿ ಅನ್ಲಿ. ನನಗ ಮತ್ತೇನೂ ಬ್ಯಾಡ."

ಮಳೆ ನಿಂತ ಮೇಲೆ ಕೊನೆಯ ಬಸ್ಸಿಗೆ ಓಡಿದೆ. ದಾರಿಯುದ್ದಕ್ಕೂ ಆ ಮಾತು ನನ್ನ ಜೊತೆ ಬಂತು.

ಶ್ರಾವಣ ಕಳೆದು, ಕೊಪ್ಪಳದ ಸಮುದಾಯ ಭವನದಲ್ಲಿ ಚಿತ್ರೀಕರಣ. ಬೆಂಗಳೂರಿನಿಂದ ಬಂದವರಲ್ಲಿ ಮುಖ್ಯರು ದಿನೇಶ್‌ ಎಂಬುವರು. ಅವರೇ ನಿರ್ದೇಶಕರು. ಮೆತ್ತಗೆ ಮಾತಾಡುವ ಮನುಷ್ಯ. ಎಲ್ಲರಿಗೂ ಮೊದಲು ಚಹಾ ಬಂತೇ ಎಂದು ವಿಚಾರಿಸಿದವರು ಅವರೇ. ಅವರನ್ನು ಕೆಟ್ಟವರು ಎನ್ನಲು ನನಗೆ ಆಗಲೂ ಆಗಲಿಲ್ಲ, ಈಗಲೂ ಆಗುವುದಿಲ್ಲ.

ಬೆಳಿಗ್ಗೆ ಬಸಪ್ಪ ಮಾಸ್ತರು ಗೋಡೆಗೆ ಒರಗಿ ಕೂತು ಬಣ್ಣ ಕಲೆಸಿದರು. ಅವರ ತಂಡದಲ್ಲಿ ಒಂದು ಪದ್ಧತಿ. ಯಾವ ಪಾತ್ರವಿರಲಿ, ಮೊದಲು ಎಲ್ಲರ ಮುಖಕ್ಕೂ ಅರದಾಳ ಬೆರೆಸಿದ ಒಂದೇ ಬಣ್ಣ, ಅದೂ ಮಾಸ್ತರರ ಕೈಯಿಂದಲೇ. ಒಬ್ಬೊಬ್ಬರೂ ಅವರೆದುರು ಕೂತು ಕಣ್ಣು ಮುಚ್ಚಬೇಕು. ಆಮೇಲೆ ಉಳಿದದ್ದು.

"ಬಣ್ಣ ಹಚ್ಚಿದ ಮ್ಯಾಲ ಯಾವ ಊರವ, ಯಾವ ಓಣಿಯವ ಅಂತ ಕೇಳಂಗಿಲ್ಲ ನೋಡ್ರಿ," ಎಂದು ಅವರು ತಾಲೀಮಿನ ದಿನಗಳಲ್ಲಿ ನನಗೆ ಹೇಳಿದ್ದರು. "ಎಲ್ಲಾರೂ ಒಂದ ಬಣ್ಣದಿಂದ ಶುರು. ಅದರ ಮ್ಯಾಲ ಮೀಸಿ ಬರದ್ರ ರಾಜ, ಕುಂಕುಮ ಬರದ್ರ ರಾಣಿ, ಹಲ್ಲು ಬರದ್ರ ರಾಕ್ಷಸ."

ಅಂದು ಹುಲಿಗೆವ್ವ ಎದುರು ಕೂತಾಗ ಮಾಸ್ತರರ ಕೈ ಎರಡನೆಯ ಸಲ ಬಟ್ಟಲಿಗೆ ಹೋಯಿತು. ಟಿವಿಯವರ ಮುಂದೆ ತನ್ನ ರಾಣಿ ಎದ್ದು ಕಾಣಲಿ ಎಂಬ ಆಸೆ. ಆಕೆಯ ಮೈಬಣ್ಣ ಎರೆಮಣ್ಣಿನದು. ಒಂದು ಪದರ ಸಾಲದು ಎನಿಸಿರಬೇಕು. ಉಳಿದವರಿಗೆ ಒಂದು ಪದರ, ಆಕೆಗೆ ಎರಡು. ಪೆಟ್ರೋಮ್ಯಾಕ್ಸ್‌ ಬೆಳಕಿನಲ್ಲಿ, ಕಂಬಳಿ ಹಾಸಿ ದೂರ ಕೂತವರಿಗೆ ಆಡುವ ಆಟದಲ್ಲಿ ಅದು ಸರಿಯೇ. ಅಲ್ಲಿ ಮುಖ ಬೆಳಗಬೇಕು. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ, ನನಗೂ ತಪ್ಪೆನಿಸಲಿಲ್ಲ.

ಕ್ಯಾಮೆರಾದ ಪಕ್ಕ ಒಂದು ಸಣ್ಣ ಪರದೆಯಿತ್ತು. ದಿನೇಶ್‌ ಒಬ್ಬೊಬ್ಬರನ್ನೇ ದೀಪದ ಕೆಳಗೆ ನಿಲ್ಲಿಸಿ ಆ ಪರದೆ ನೋಡುತ್ತಿದ್ದರು. ಹುಲಿಗೆವ್ವ ನಿಂತಾಗ ಪರದೆಯ ತುಂಬ ಒಂದು ಹಳದಿ ಮುಖ ಬಂತು. ಬೆವರಿಗೆ ಹಣೆಯ ಮೇಲೆ ಬಣ್ಣ ಬಿರುಕು ಬಿಟ್ಟಿತ್ತು. ಬಿರುಕಿನೊಳಗೆ ಕಪ್ಪು. ಕೈ ಎತ್ತಿದಾಗ ಕೈ ಬೇರೆಯವರದೆಂಬಂತೆ ಕಾಣಿಸಿತು. ಹನುಮಪ್ಪ ಹಿಂದಿನಿಂದ ಇಣುಕಿ, "ಕಾಮಣಿ ರೋಗ ಹತ್ತಿದವರಂಗ ಕಾಣ್ತಿಯಲ್ಲಬೇ" ಎಂದ. ಒಂದಿಬ್ಬರು ನಕ್ಕರು. ಹುಲಿಗೆವ್ವಳೂ ನಕ್ಕಳು. ನಕ್ಕಾಗ ಬಾಯಿಯ ಎರಡೂ ಬದಿಗೆ ಇನ್ನಷ್ಟು ಬಿರುಕು.

ದಿನೇಶ್‌ ನಗಲಿಲ್ಲ. "ಎಲ್ಲರೂ ಬಣ್ಣ ತೊಳ್ಕೊಂಡು ಬನ್ನಿ," ಎಂದರು. "ಇದು ದೂರದಿಂದ ನೋಡೋ ಬಣ್ಣ. ಕ್ಯಾಮೆರಾ ಹತ್ತಿರ ಹೋಗುತ್ತೆ."

ಭವನದ ಹಿಂದಿನ ನಲ್ಲಿಯ ಹತ್ತಿರ ಆ ಮಧ್ಯಾಹ್ನ ಎಲ್ಲರೂ ಬಗ್ಗಿ ಮುಖ ತೊಳೆದರು. ಎಣ್ಣೆ, ಬಟ್ಟೆ, ಸಾಬೂನು. ಮೋರಿಯಲ್ಲಿ ಹಳದಿ ನೀರು ಹರಿಯಿತು. ಕಿರೀಟ, ಭುಜಕೀರ್ತಿ, ಮಿಂಚಿನ ಅಂಗಿ ಹಾಗೆಯೇ ಇದ್ದು, ಮುಖ ಮಾತ್ರ ಮನೆಯ ಮುಖವಾಗಿ ಅವರು ಮರಳಿ ಬಂದು ಸಾಲಾಗಿ ನಿಂತರು. ಹನುಮಪ್ಪನ ಕೆನ್ನೆಯ ಮೇಲಿನ ಹಳೆಯ ಗಾಯದ ಕಲೆ ಕಾಣುತ್ತಿತ್ತು. ಯಾರು ಹೊಲದವರು, ಯಾರು ಅಂಗಡಿಯವರು, ಯಾವ ಓಣಿಯವರು ಎಂಬುದೆಲ್ಲ ಮುಖದ ಮೇಲೆ ಬಂದು ನಿಂತಿತ್ತು. ಯಾರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ.

ದಿನೇಶ್‌ ಸಾಲನ್ನು ಪರದೆಯಲ್ಲಿ ನೋಡಿದರು. ಬಿಳುಪು ಮುಖದ ಸೌಮ್ಯಾಳ ಹತ್ತಿರ ಬಂದಾಗ ಕ್ಯಾಮೆರಾ ನಿಂತಿತು.

"ಇವರು ರಾಣಿ ಮಾಡಲಿ," ಎಂದರು. ಹುಲಿಗೆವ್ವಳ ಕಡೆ ಕೈ ತೋರಿದರು. "ಅವರು ದಾಸಿಯ ಪಾತ್ರ ಮಾಡಬಹುದು. ಚೆನ್ನಾಗಿ ಹೊಂದುತ್ತೆ."

ನಾನು ಅವರನ್ನು ಪಕ್ಕಕ್ಕೆ ಕರೆದೆ. ಜನರೆದುರು ದನಿ ಎತ್ತಿ ಅಭ್ಯಾಸವಿಲ್ಲದವಳು. ಪುಸ್ತಕ ತೆರೆದು ತೋರಿಸಿದೆ. ಎರಡನೆಯ ಅಂಕದಲ್ಲಿ ರಾಣಿಯ ಮೈಬಣ್ಣ ಮಳೆಮೋಡದ್ದು ಎಂದು ಸ್ಪಷ್ಟವಾಗಿ ಇದೆ.

ಅವರು ಗಮನವಿಟ್ಟು ಓದಿದರು. "ಅದು ಕಾವ್ಯ ಮೇಡಂ. ಇದು ವಿಡಿಯೊ."

"ರಾಜನೂ ಕಪ್ಪಗಿದ್ದಾನಲ್ಲ?"

"ರಾಜನಿಗೆ ಮೀಸೆ ಇದೆ, ಕಿರೀಟ ಇದೆ. ನಡೆಯುತ್ತೆ."

"ಎಲ್ಲರಿಗೂ ಪ್ರಾತಿನಿಧ್ಯ ಅಂತ ನೀವೇ ಬರೆದಿದ್ದಿರಿ."

"ಅದಕ್ಕೇ ಅಲ್ವಾ ಕೊಪ್ಪಳಕ್ಕೆ ಬಂದಿದ್ದು?" ಅವರು ನಿಜವಾಗಿಯೂ ಅರ್ಥವಾಗದೆ ನನ್ನನ್ನು ನೋಡಿದರು. "ಮೇಡಂ, ನನಗೆ ಯಾವ ಭೇದವೂ ಇಲ್ಲ. ಒಪ್ಪಿಗೆ ಕೊಡೋ ಸಮಿತಿ ರಾಣಿ ಅಂದ್ರೆ ಒಂದು ಥರ ಅಂತ ಅಂದ್ಕೊಂಡಿರುತ್ತೆ. ವಾಪಸ್‌ ಕಳಿಸಿದ್ರೆ ನಿಮ್ಮ ತಂಡವೇ ಹೋಗುತ್ತೆ, ಬೇರೆ ಜಿಲ್ಲೆಗೆ ಕೊಡ್ತಾರೆ. ಯೋಚನೆ ಮಾಡಿ."

ಯೋಚನೆ ಮಾಡಿದೆ. ಮಾಸ್ತರರ ಹತ್ತಿರ ಹೋದೆ. ಅವರು ಬಣ್ಣದ ಬಟ್ಟಲನ್ನು ಮುಂದಿಟ್ಟುಕೊಂಡು ಕೂತಿದ್ದರು. "ನಾನ ಕೆಡಿಸಿದ್ನೇನ್ರಿ ತಂಗಿ? ಒಂದ ಸಲ ಹಚ್ಚಿ ಬಿಟ್ಟಿದ್ರ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಇಲ್ಲ ಎಂದೆ. ಒಂದು ಪದರವಿದ್ದಿದ್ದರೂ ಅದೇ ಆಗುತ್ತಿತ್ತು ಎಂದೆ. ಆಗುತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಪ್ರಾಂಶುಪಾಲರಿಗೆ ಫೋನ್‌ ಮಾಡಿದೆ. ಬಂದವರೊಡನೆ ಹೊಂದಿಕೊಂಡು ಹೋಗಿ ಎಂದರು. ಆಮೇಲೆ ಫೋನ್‌ ಮಾಡಲು ಯಾರೂ ಉಳಿದಿರಲಿಲ್ಲ.

ಹುಲಿಗೆವ್ವಳಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಕಿರೀಟವನ್ನು ತಾನೇ ಬಿಚ್ಚಿ ಬೆಂಚಿನ ಮೇಲೆ ಇಟ್ಟಿದ್ದಳು.

"ದಾಸಿ ಮಾತ್ರ ನಾ ಒಲ್ಲೆ," ಎಂದಳು. ಸಿಟ್ಟಿರಲಿಲ್ಲ. "ಆಳಿನ ಪಾತ್ರ ದಿನಾ ಹೊಲದಾಗ ಮಾಡ್ತೀನಿ. ಅದಕ್ಕ ಬಸ್ಸು ಹತ್ತಿ ಇಲ್ಲಿಗೆ ಯಾಕ ಬರ್ಲಿ?"

ಸೌಮ್ಯಾ ಅಳುತ್ತ ಬಂದಳು. "ಅಕ್ಕಾ, ನಾ ಮಾಡಲ್ಲ. ನಾ ಊರಿಗೆ ಹೋಗ್ತೀನಿ. ಹಾಡೇ ಬರಲ್ಲ ನಂಗೆ, ಹೆಂಗ ನಿಲ್ಲೋದು?"

ಹುಲಿಗೆವ್ವ ಅವಳನ್ನು ನೋಡಿದಳು. ಆಮೇಲೆ ಸಾಲಾಗಿ ಕಾದು ನಿಂತ ತನ್ನವರನ್ನು ನೋಡಿದಳು. ಹೊಲದ ಕೆಲಸ ಬಿಟ್ಟು ಬಂದವರು, ಸಾಲ ಮಾಡಿ ಹೊಸ ಅಂಗಿ ಹೊಲಿಸಿದವರು, ಮನೆಯಲ್ಲಿ ಟಿವಿಯಲ್ಲಿ ಬರ್ತೀನಿ ಎಂದು ಹೇಳಿ ಬಂದವರು.

"ನಾ ಹಿಮ್ಮೇಳದಾಗ ಹಾಡ್ತೀನಿ," ಎಂದಳು. ದೊಡ್ಡಾಟದಲ್ಲಿ ಪಾತ್ರಧಾರಿಯ ಹಿಂದೆ ಹಾಡುವವರು ಇದ್ದೇ ಇರುತ್ತಾರೆ. ಪಾತ್ರಧಾರಿ ಎತ್ತಿದ ಹಾಡನ್ನು ಅವರು ಹಿಡಿದು ಮುಂದುವರಿಸುತ್ತಾರೆ. ಇಲ್ಲಿ ಎತ್ತುವುದೂ ಅವರೇ ಆಗಬೇಕಿತ್ತು. "ನೀ ಬಾಯಿ ತಗಿ ಸಾಕು. ಬಾ ಇಲ್ಲಿ."

ಮೂಲೆಯಲ್ಲಿ ಅವಳನ್ನು ಎದುರು ನಿಲ್ಲಿಸಿಕೊಂಡು ಕಲಿಸಿದಳು. ಸೌಮ್ಯಾಳ ಅಂಗೈಯನ್ನು ತನ್ನ ಎದೆಯ ಮೇಲೆ ಇಟ್ಟುಕೊಂಡು ಒಂದು ಸಾಲು ಹಾಡಿ ನಿಲ್ಲಿಸಿದಳು. "ತಿಳೀತೇನು? ನಾ ಉಸಿರು ತಗೊಂಡಾಗ ನಿನ್ನ ಎದಿ ಏಳಬೇಕವ್ವ. ಇಲ್ಲಾಂದ್ರ ಕಳವು ಸಿಗತೈತಿ." ಮತ್ತೆ ಹಾಡಿದಳು. "ಇಲ್ಲಿ ರಾಜನ ಮುಖ ನೋಡಬ್ಯಾಡ. ಅವನ ಕಾಲ ಕೆಳಗಿನ ನೆಲ ನೋಡು. ಅದು ಮೊದಲು ನಿನ್ನ ನೆಲ."

ಹಾಗೆ ಚಿತ್ರೀಕರಣವಾಯಿತು. ಹುಲಿಗೆವ್ವ ಬಟ್ಟೆಯ ಪರದೆಯ ಹಿಂದೆ, ಮದ್ದಳೆಯವನ ಪಕ್ಕ, ಮನೆಯ ಸೀರೆಯಲ್ಲಿ ನಿಂತು ಹಾಡಿದಳು. ಆಕೆ ಎಲ್ಲಿ ನಿಂತರೆ ನೆರಳು ಬೀಳುವುದಿಲ್ಲ ಎಂದು ದೀಪದ ಹುಡುಗರು ನೆಲದ ಮೇಲೆ ಒಂದು ಗೆರೆ ಎಳೆದಿದ್ದರು. ಕೊನೆಯ ಪ್ರಶ್ನೆ ಮುಗಿದಾಗ ದಿನೇಶರ ಕಣ್ಣೂ ಒದ್ದೆಯಾಗಿತ್ತು. "ಅದ್ಭುತವಾದ ಕಂಠ," ಎಂದು ನನಗೆ ಹೇಳಿದರು. ನಾನು ತಲೆಯಾಡಿಸಿದೆ. ಆ ವಾರದಲ್ಲಿ ನಾನು ಮಾಡಿದ್ದು ಹೆಚ್ಚಾಗಿ ಅದನ್ನೇ.

ದಸರೆ ಕಳೆದ ಮೇಲೆ ಅದೇ ಭವನದಲ್ಲಿ ಮೊದಲ ಪ್ರದರ್ಶನ. ಹತ್ತಿ ಬಿಡಿಸುವ ಕಾಲ. ಹುಲಿಗೆವ್ವ ಬರಲಾರಳೆಂದುಕೊಂಡಿದ್ದೆ. ಬಂದಿದ್ದಳು, ಮಗಳನ್ನು ಕರೆದುಕೊಂಡು. ರೇಣುಕಾ ತೆಳ್ಳಗಿನ, ಕಡಿಮೆ ಮಾತಿನ ಹುಡುಗಿ. ಎರಡು ಜಡೆ ಬಿಗಿಯಾಗಿ ಹಾಕಿದ್ದಳು. ಏನಾಗಿದೆ ಎಂದು ತಾಯಿ ಅವಳಿಗೆ ಹೇಳಿಲ್ಲವೆಂಬುದು ಪಕ್ಕದಲ್ಲಿ ಕೂತ ಕೂಡಲೇ ನನಗೆ ತಿಳಿಯಿತು.

ದೀಪ ಆರಿಸಿದರು. ರಾಣಿ ಬಂದಳು. ಸೌಮ್ಯಾ ಚೆನ್ನಾಗಿಯೇ ಕಾಣುತ್ತಿದ್ದಳು.

"ನೀ ಎಲ್ಲಿ ಅದೀಬೇ?" ರೇಣುಕಾ ಪಿಸುಗುಟ್ಟಿದಳು.

"ಬರ್ತೀನಿ, ತಡಿ."

ಹುಡುಗಿ ಸಖಿಯರನ್ನು ನೋಡಿದಳು, ದಾಸಿಯನ್ನು ನೋಡಿದಳು, ಸಭೆಯ ಹಿಂದೆ ನಿಂತವರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು. ಕೊನೆಯ ಅಂಕ ಬಂತು. ಪರದೆಯ ತುಂಬ ಸೌಮ್ಯಾಳ ಮುಖ. ಅವಳು ಬಾಯಿ ತೆರೆದಳು, ಎದೆ ಏರಿತು, ಹುಲಿಗೆವ್ವಳ ದನಿ ಬಂತು.

ರೇಣುಕಾಳ ತಲೆ ಥಟ್ಟನೆ ತಾಯಿಯ ಕಡೆ ತಿರುಗಿತು. ಹಾಡು ಮುಗಿಯುವವರೆಗೂ ಅವಳು ಪರದೆಯ ಕಡೆ ತಿರುಗಲಿಲ್ಲ. ಕತ್ತಲಲ್ಲಿ ತಾಯಿಯ ಮುಚ್ಚಿದ ಬಾಯಿಯನ್ನೇ ನೋಡುತ್ತಿದ್ದಳು. ಹುಲಿಗೆವ್ವ ಮುಂದೆಯೇ ದೃಷ್ಟಿಯಿಟ್ಟು ಕೂತಿದ್ದಳು. ಮುಂದಿನ ಸಾಲಿನ ಹೆಂಗಸೊಬ್ಬರು ಪಕ್ಕದವರಿಗೆ, "ಏನ್‌ ಧ್ವನಿ ಐತ್ರಿ ಈ ಹುಡುಗಿದು" ಎಂದರು.

ಹೆಸರುಗಳು ಮೇಲೇರಿ ಹೋದವು. ಹಿಮ್ಮೇಳ: ಬಸಪ್ಪ ಮಾಸ್ತರ ಮತ್ತು ಸಂಗಡಿಗರು. ಆಮೇಲೆ ಅಧಿಕಾರಿಯೊಬ್ಬರು ಮಾತಾಡಿದರು. ಹಿಂದುಳಿದ ಭಾಗದ ಕಲಾವಿದರಿಗೆ ಮೊದಲ ಬಾರಿಗೆ ಇಂಥ ಪ್ರಾತಿನಿಧ್ಯ ದೊರೆತದ್ದು ಹೆಮ್ಮೆಯ ವಿಷಯ ಎಂದರು. ಸೌಮ್ಯಾಳಿಗೆ ಶಾಲು ಹೊದಿಸಿದರು. ಅವಳು ಮೈಕಿನ ಕಡೆ ಬಗ್ಗಿ, "ಹಾಡಿದ್ದು ನಾನಲ್ಲ" ಎಂದು ಶುರುಮಾಡಿದಳು. ಜನ ಅದನ್ನು ವಿನಯವೆಂದುಕೊಂಡು ಚಪ್ಪಾಳೆ ತಟ್ಟಿದರು. ಮುಂದಿನ ಮಾತು ಅದರಲ್ಲಿ ಮುಳುಗಿತು.

ಹೊರಗೆ, ಸೈಕಲ್ಲುಗಳ ಪಕ್ಕ ನಾವು ಮೂವರೂ ನಿಂತೆವು.

"ಛಲೋ ಹಾಡೀದಿ ಯವ್ವಾ," ಎಂದಳು ರೇಣುಕಾ. ಚಪ್ಪಲಿಯಿಂದ ನೆಲ ಕೆರೆಯುತ್ತಿದ್ದಳು. "ಖರೇನ ಭಾಳ ಛಲೋ ಹಾಡೀದಿ. ಆದ್ರ ನಮ್ಮ ಕಾಲೇಜಿನ್ಯಾಗ ತೋರಿಸಿದಾಗ ನಾ ಏನಂತ ಹೇಳ್ಲಿ? ನಮ್ಮವ್ವ ಅಂತ ಯಾರನ್ನ ತೋರಿಸ್ಲಿ?"

ಹುಲಿಗೆವ್ವ ಮಗಳ ಜಡೆಯನ್ನು ಹಿಂದಕ್ಕೆ ಹಾಕಿದಳು. ನನ್ನ ಕಡೆ ತಿರುಗಿ ಕೇಳಿದಳು, "ಹೆಸರರ ಬರತೈತೇನ್ರಿ ಅಕ್ಕೋರ, ಅದರಾಗ? ನನಗ ಓದಾಕ ಬರಂಗಿಲ್ಲ. ಕಡೀಕ ಏನೇನೋ ಮ್ಯಾಲ ಹೋತಲ್ಲ, ಅದರಾಗ ನಂದು ಇತ್ತೇನು?"

ಓದಲು ಬರುವ ರೇಣುಕಾ ತಲೆ ತಗ್ಗಿಸಿದಳು.

"ಇರಲಿಲ್ಲ," ಎಂದೆ. "ಸೇರಿಸಲು ಕೇಳುತ್ತೇನೆ."

ಅಲ್ಲೇ ನಿಂತು ದಿನೇಶರಿಗೆ ಫೋನ್‌ ಮಾಡಿದೆ. ಅವರು ನೊಂದುಕೊಂಡೇ ಮಾತಾಡಿದರು. ನನ್ನ ಗಮನಕ್ಕೆ ಬರಬೇಕಿತ್ತು ಮೇಡಂ ಎಂದರು. ಆದರೆ ಪ್ರತಿಗಳು ಎಲ್ಲ ಕಾಲೇಜುಗಳಿಗೆ ಹೋಗಿಬಿಟ್ಟಿವೆ, ಈಗ ಏನೂ ಮಾಡುವ ಹಾಗಿಲ್ಲ ಎಂದರು. ಫೋನ್‌ ಇಟ್ಟು ಅಷ್ಟನ್ನೇ ಹೇಳಿದೆ. ಹುಲಿಗೆವ್ವ, "ಇರಲಿ ತಗೋರಿ. ನೀವರ ಏನ್‌ ಮಾಡ್ತೀರಿ?" ಎಂದಳು. ನನ್ನನ್ನು ಸಮಾಧಾನ ಮಾಡುವ ದನಿ ಅದು. ಅಳವಂಡಿಯ ಬಸ್ಸು ಬಂತು. ತಾಯಿ ಮಗಳು ಹತ್ತಿದರು. ಇಬ್ಬರಿಗೂ ಒಂದೇ ಸೀಟು ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಯಲಬುರ್ಗಾಕ್ಕೆ ಹೋದೆ. ನಮ್ಮ ಕಾಲೇಜಿಗೆ ಬಂದಿದ್ದ ಪ್ರತಿಯನ್ನು ಎರಡನೆಯ ವರ್ಷದ ತರಗತಿಗೆ ಅಂದೇ ತೋರಿಸಬೇಕಿತ್ತು. ತರಗತಿ ತುಂಬಿತ್ತು. ನಾನು ಸೀಮೆಸುಣ್ಣ ತೆಗೆದುಕೊಂಡು ಕಪ್ಪು ಹಲಗೆಯ ಮೇಲೆ, ರಾಣಿಯ ಹಾಡು: ಹುಲಿಗೆವ್ವ, ಅಳವಂಡಿ ಎಂದು ದೊಡ್ಡದಾಗಿ ಬರೆದೆ. ಎಲ್ಲರೂ ತಲೆ ಬಗ್ಗಿಸಿ ಬರೆದುಕೊಳ್ಳತೊಡಗಿದರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು, "ಇದು ಪರೀಕ್ಷಾಕ್ಕ ಬರತೈತೇನ್ರಿ ಮೇಡಂ?"

"ಇಲ್ಲ," ಎಂದೆ.

ಪೆನ್ನುಗಳು ಕೆಳಗಿಳಿದವು. ಚಿತ್ರ ಬೀಳಿಸಲು ಬೇರೆ ಗೋಡೆಯಿರಲಿಲ್ಲ. ಬಿಳಿಯ ಪರದೆಯನ್ನು ಹಲಗೆಯ ಮೇಲೆ, ಬರೆದ ಹೆಸರಿನ ಮೇಲೆಯೇ ಇಳಿಬಿಟ್ಟು, ಕಿಟಕಿ ಮುಚ್ಚಿಸಿ, ನಾಟಕ ಹಚ್ಚಿದೆ.